ಎಂಜಿನ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹೆವಿ ಡ್ಯೂಟಿ ಹಬ್ ಕೂರಿಸುವ ಬಗೆ

ಸೈಕಲ್ಲಿಗೆ ಎರಡು ಸ್ಟ್ರೋಕಿನ ಕಿಟ್ ಎಂಜಿನ್ ಕೂರಿಸಿಕೊಂಡವರು ಕೆಲವೇ ತಿಂಗಳಲ್ಲಿ ಹಿಂದಿನ ಚಕ್ರದ ಕಡ್ಡಿಗಳನ್ನು ಎಣಿಸಲು ಶುರುಮಾಡುತ್ತಾರೆ. ಎಡಗಡೆಯ ಕಡ್ಡಿಯೊಂದು, ಚಕ್ರದ ನಡುವಿನ ಗುಂಬವಾದ ಹಬ್‌ನ ಬುಡದಲ್ಲೇ, ಅದು ಬಾಗಿರುವ ಕುತ್ತಿಗೆಯ ಹತ್ತಿರ ತುಂಡಾಗುತ್ತದೆ. ಅದನ್ನು ಬದಲಾಯಿಸಿದ ಕೆಲವು ದಿನಕ್ಕೆ ಪಕ್ಕದ ಕಡ್ಡಿ ಹೋಗುತ್ತದೆ. ಅಷ್ಟರಲ್ಲಿ ಆಕ್ಸಲಿನ ಗೋಲಿಗಳನ್ನು ಒತ್ತಿ ಹಿಡಿಯುವ ಕೋನು ಸಡಿಲಗೊಂಡು ಚಕ್ರ ಅತ್ತಿತ್ತ ಅಲ್ಲಾಡುತ್ತಿರುತ್ತದೆ. ಈ ತೊಂದರೆಗೆ ಹೆವಿ ಡ್ಯೂಟಿ ಹಬ್ ಒಳ್ಳೆಯ ಪರಿಹಾರವೇ ಹೌದು. ಆದರೆ ಹಬ್ ಎಷ್ಟೇ ಗಟ್ಟಿಯಾಗಿದ್ದರೂ ಅದರ ಸುತ್ತ ಕಟ್ಟಿದ ಚಕ್ರ ಸಡಿಲವಾಗಿದ್ದರೆ ಕೊಟ್ಟ ಹಣ ದಂಡ. ಆದ್ದರಿಂದ ಈ ಲೇಖನದಲ್ಲಿ ಸ್ಪ್ಯಾನರ್ ಹಿಡಿಯುವ ಕೆಲಸಕ್ಕಿಂತ ಅಳತೆ ತೆಗೆಯುವುದಕ್ಕೆ ಮತ್ತು ಕಡ್ಡಿ ಬಿಗಿಯುವುದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಹಳೆಯ ಜೋಡಣೆ ಸೋಲುವುದೇಕೆ

ಕಿಟ್‌ನೊಂದಿಗೆ ಬರುವ 44 ಹಲ್ಲಿನ ಸ್ಪ್ರಾಕೆಟ್ಟು (ಚೈನು ಕೂರುವ ಹಲ್ಲುಚಕ್ರ) ಹಬ್‌ಗೆ ನೇರವಾಗಿ ಕೂರುವುದಿಲ್ಲ. ಎಡಗಡೆಯ ಕಡ್ಡಿಗಳ ಒಳಮೈಗೊಂದು, ಹೊರಮೈಗೊಂದು ರಬ್ಬರ್ ಬಳೆ ಇಟ್ಟು, ಒಳಗಿನಿಂದ ಬಾಗಿದ ಲೋಹದ ಪಟ್ಟಿಗಳನ್ನು ಕೊಟ್ಟು, 9 ಬೋಲ್ಟುಗಳಿಂದ ಎಲ್ಲವನ್ನೂ ಅದುಮಿ ಹಿಡಿಸಲಾಗುತ್ತದೆ. ಅಂದರೆ ಎಂಜಿನ್ನಿನ ಎಳೆತ ಮೊದಲು ಬೀಳುವುದು ಕಡ್ಡಿಗಳ ಮೇಲೆ. ಕಡ್ಡಿ ಇರುವುದು ಉದ್ದಕ್ಕೆ ಎಳೆದು ನಿಲ್ಲುವುದಕ್ಕೆ. ಅಡ್ಡಡ್ಡ ಬಾಗಿಸಿದರೆ ಅದು ತಾಳುವುದಿಲ್ಲ. ರಬ್ಬರ್ ಕಾಲಕ್ರಮೇಣ ಚಪ್ಪಟೆಯಾಗಿ ಬೋಲ್ಟು ಸಡಿಲವಾದಾಗ ಸ್ಪ್ರಾಕೆಟ್ಟು ನಡುವಿನಿಂದ ಸರಿಯುತ್ತದೆ, ಚೈನು ಒಂದು ಕಡೆ ಬಿಗಿ ಒಂದು ಕಡೆ ಸಡಿಲವಾಗುತ್ತದೆ, ಪ್ರತಿ ಸುತ್ತಿಗೂ ಕಡ್ಡಿಯ ಕುತ್ತಿಗೆ ಒಮ್ಮೆ ಬಾಗಿ ಒಮ್ಮೆ ನೆಟ್ಟಗಾಗುತ್ತದೆ.

ಎಂಜಿನ್ನಿನ ಬಲ ವಿಪರೀತವಾಗಿರುವುದರಿಂದಲೇ ಹೀಗಾಗುತ್ತದೆ ಎಂಬ ನಂಬಿಕೆ ಸಾಮಾನ್ಯ. ಲೆಕ್ಕ ಹಾಕಿದರೆ ಅದು ಅಷ್ಟು ನಿಜವಲ್ಲ. ಈ ಕಿಟ್‌ಗಳೊಳಗೆ 20 ಹಲ್ಲಿನ ಗೇರು 82 ಹಲ್ಲಿನದನ್ನು ತಿರುಗಿಸುತ್ತದೆ, ಹೊರಗಿನ 10 ಹಲ್ಲಿನ ಸ್ಪ್ರಾಕೆಟ್ಟು ಹಿಂದಿನ 44 ಹಲ್ಲಿನದನ್ನು ಎಳೆಯುತ್ತದೆ. ಎರಡನ್ನೂ ಗುಣಿಸಿದರೆ ಎಂಜಿನ್ ಸುಮಾರು 18 ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 5,400 ಸುತ್ತಿನಲ್ಲಿ 2 ಕುದುರೆಶಕ್ತಿ ಕೊಡುತ್ತಿದೆ ಎಂದು ಹಿಡಿದರೆ ಚಕ್ರದ ಮೇಲೆ ಬೀಳುವ ತಿರುಚುಬಲ 45ರಿಂದ 50 ನ್ಯೂಟನ್ ಮೀಟರ್. 60 ಕೆ.ಜಿ. ತೂಕದ ಸವಾರರು ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತು ತುಳಿದರೂ, ಮುಂದೆ 44 ಹಿಂದೆ 18 ಹಲ್ಲಿರುವ ಸೈಕಲ್ಲಿನಲ್ಲಿ 40ರ ಆಸುಪಾಸಿನ ಬಲ ಬೀಳುತ್ತದೆ. ವ್ಯತ್ಯಾಸವಿರುವುದು ಬೇರೆಡೆ: ಎಂಜಿನ್ನಿನ ಬಲ ಬಿಡುವಿಲ್ಲದೆ, ನಡುಕದೊಂದಿಗೆ, ನಿಮಿಷಕ್ಕೆ 300 ಸುತ್ತಿನಷ್ಟು ವೇಗದಲ್ಲಿ ತಿರುಗುವ ಚಕ್ರದ ಮೇಲೆ, ಅದೂ ತಪ್ಪು ಜಾಗದಲ್ಲಿ ಬೀಳುತ್ತದೆ. ಹೆವಿ ಡ್ಯೂಟಿ ಹಬ್ ಮಾಡುವ ಮುಖ್ಯ ಉಪಕಾರವೆಂದರೆ ಆ ಬಲವನ್ನು ಕಡ್ಡಿಗಳಿಂದ ಬಿಡಿಸಿ ಹಬ್‌ನ ಮೈಗೆ ವರ್ಗಾಯಿಸುವುದು. ದಪ್ಪ ಆಕ್ಸಲ್, ಸೀಲ್ಡ್ ಬೇರಿಂಗ್ ಮುಂತಾದವು ಅದರ ನಂತರದ ಲಾಭಗಳು.

ಕೊಳ್ಳುವ ಮೊದಲು ತೆಗೆಯಬೇಕಾದ ಅಳತೆಗಳು

ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ಸ್ಟೀಲ್ ಸ್ಕೇಲು ಸಾಕು. ಮೊದಲನೆಯದಾಗಿ, ಹಿಂದಿನ ಫೋರ್ಕಿನ ಎರಡು ಆಕ್ಸಲ್ ಸೀಳುಗಳ ಒಳಮೈಗಳ ನಡುವಿನ ಅಂತರವನ್ನು ಅಳೆಯಬೇಕು. ಗೇರಿರುವ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲುಗಳಲ್ಲಿ ಇದು ಸಾಮಾನ್ಯವಾಗಿ 135 ಮಿ.ಮೀ. ಇರುತ್ತದೆ; ಗೇರಿಲ್ಲದ ಸೈಕಲ್ಲುಗಳಲ್ಲಿ 110ರಿಂದ 120 ಮಿ.ಮೀ. ಇರಬಹುದು. ಹಬ್‌ನ ಎರಡು ಲಾಕ್‌ನಟ್ಟುಗಳ ಹೊರಮೈ ಅಳತೆ ಇದಕ್ಕೆ ಹೊಂದಬೇಕು. ಎರಡು ಮೂರು ಮಿ.ಮೀ. ಹೆಚ್ಚಿದ್ದರೆ ಉಕ್ಕಿನ ಫ್ರೇಮು ಕೈಯಲ್ಲಿ ಅಗಲಿಸಿದಾಗ ಬಗ್ಗುತ್ತದೆ. ಅಲ್ಯುಮಿನಿಯಂ ಫ್ರೇಮನ್ನು ಹಾಗೆ ಅಗಲಿಸಬಾರದು, ಅದು ಇಂದಲ್ಲದಿದ್ದರೆ ನಾಳೆ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ.

ಎರಡನೆಯದು ಆಕ್ಸಲಿನ ದಪ್ಪ. ಸಾಮಾನ್ಯ ಹಿಂದಿನ ಆಕ್ಸಲ್ ಹತ್ತಿರ ಹತ್ತಿರ 10 ಮಿ.ಮೀ. ಇದ್ದು ಸೀಳೂ ಅದಕ್ಕೆ ತಕ್ಕಂತೆ ಇರುತ್ತದೆ. 12 ಅಥವಾ 14 ಮಿ.ಮೀ. ಆಕ್ಸಲ್ ಇರುವ ಹಬ್ ತಂದು ಸೀಳನ್ನು ಅರದಿಂದ ಉಜ್ಜಿ ಅಗಲ ಮಾಡುವವರಿದ್ದಾರೆ. ಆ ಕೆಲಸವನ್ನು ನಾನು ಒಪ್ಪುವುದಿಲ್ಲ: ಸೀಳಿನ ತುಟಿಗಳಲ್ಲಿ ಉಳಿಯುವ ಲೋಹವೇ ಚೈನಿನ ಎಳೆತಕ್ಕೆ ಎದುರಾಗಿ ನಿಲ್ಲಬೇಕಾಗಿರುತ್ತದೆ. ತುದಿಗಳಲ್ಲಿ ಎರಡು ಬದಿ ಚಪ್ಪಟೆಯಾಗಿ ಕೊರೆದು 10 ಮಿ.ಮೀ.ಗೆ ಇಳಿಸಿರುವ ದಪ್ಪ ಆಕ್ಸಲ್ ಸಿಕ್ಕರೆ ಅದು ಉತ್ತಮ.

ಮೂರನೆಯದು ರಂಧ್ರಗಳ ಸಂಖ್ಯೆ. ಹೆವಿ ಡ್ಯೂಟಿ ಹಬ್‌ಗಳು ಹೆಚ್ಚಾಗಿ 36 ರಂಧ್ರದವು. ನಮ್ಮಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುತ್ತ ಬಂದ 28×1½ ಅಳತೆಯ ಹಳೆಯ ಮಾದರಿಯ ಸೈಕಲ್ಲಿನ ಹಿಂದಿನ ರಿಮ್ಮಿಗೆ 40 ರಂಧ್ರ, ಮುಂದಿನದಕ್ಕೆ 32. ಹೀಗಾಗಿ ಅಂಥ ಸೈಕಲ್ಲಿಗೆ 36ರ ಹಬ್ ತಂದರೆ ರಿಮ್ಮನ್ನೂ ಬದಲಾಯಿಸಲೇಬೇಕು. 26 ಇಂಚಿನ ಎಂಟಿಬಿಗೆ 36 ರಂಧ್ರದ, ಎರಡು ಗೋಡೆಯ ಅಲಾಯ್ ರಿಮ್ಮು ಸುಲಭವಾಗಿ ಸಿಗುತ್ತದೆ. ಎಂಜಿನ್ನಿಗೆ ಒಗ್ಗುವುದೂ ಅದೇ.

ನಾಲ್ಕನೆಯದಾಗಿ ಬ್ರೇಕಿನ ಬಗ್ಗೆ ಯೋಚಿಸಿರಬೇಕು. ಎಡಗಡೆ ಡಿಸ್ಕ್ ಕೂರುವ ಜಾಗವನ್ನೇ ಸ್ಪ್ರಾಕೆಟ್ಟಿಗೆ ಬಳಸುವ ಹಬ್‌ಗಳಲ್ಲಿ ಹಿಂದಿನ ಡಿಸ್ಕ್ ಬ್ರೇಕು ತಪ್ಪಿಹೋಗುತ್ತದೆ. ಆಗ ಹಿಂದೆ ರಿಮ್ ಬ್ರೇಕು ಹಿಡಿಸುವ ಬೋಲ್ಟು ಫ್ರೇಮಿನಲ್ಲಿ ಇರಬೇಕು, ಮುಂದೆ ಗಟ್ಟಿ ಬ್ರೇಕೊಂದು ಇರಲೇಬೇಕು. ಡಿಸ್ಕಿನ ಆರು ಬೋಲ್ಟಿನ ಜೋಡಣೆಯ ಮೂಲಕ ಸ್ಪ್ರಾಕೆಟ್ಟು ಹಿಡಿಸುವ ಹಬ್‌ಗಿಂತ, ಸ್ಪ್ರಾಕೆಟ್ಟಿಗೆಂದೇ ದಪ್ಪ ಫ್ಲ್ಯಾಂಜ್ (ಹಬ್ಬಿನ ಮೈಯಿಂದ ಹೊರಚಾಚಿದ ಬಳೆ) ಮತ್ತು ದಪ್ಪ ಬೋಲ್ಟುಗಳಿರುವ ಹಬ್ ಮೇಲು. ಡಿಸ್ಕಿನ ಬೋಲ್ಟುಗಳು ಬರೀ 5 ಮಿ.ಮೀ.ನವು.

ಕಾನೂನಿನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮಿನಂತೆ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಎಂಜಿನ್ 25 ಸಿ.ಸಿ. ಮೀರದಿದ್ದರೆ ಮಾತ್ರ ಆ ವಾಹನ ‘ಮೋಟಾರು ವಾಹನ’ದ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ. 49 ಅಥವಾ 66 ಸಿ.ಸಿ. ಕಿಟ್ ಹಾಕಿದ ಸೈಕಲ್ಲನ್ನು ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ತೋಟ, ಜಮೀನುಗಳ ಒಳಗಷ್ಟೇ ಅದರ ಓಡಾಟ. ಅಮೆರಿಕದಲ್ಲಿರುವ ಓದುಗರು ತಮ್ಮ ರಾಜ್ಯದ ನಿಯಮವನ್ನು ನೋಡಿಕೊಳ್ಳಬೇಕು, ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಮಿತಿ ಬೇರೆ.

ಕಡ್ಡಿಯ ದಪ್ಪ ಮತ್ತು ಉದ್ದ

14 ಗೇಜಿನ ಕಡ್ಡಿ 2.0 ಮಿ.ಮೀ., 13 ಗೇಜಿನದು 2.3, 12 ಗೇಜಿನದು 2.6 ಮಿ.ಮೀ. ದಪ್ಪ. ದಪ್ಪವಿದ್ದಷ್ಟೂ ಒಳ್ಳೆಯದೆಂದು 12 ಗೇಜನ್ನೇ ಕೊಳ್ಳುವವರು ಹೆಚ್ಚು. ಆದರೆ ದಪ್ಪ ಕಡ್ಡಿ ಹಿಗ್ಗಬೇಕಾದರೆ ಅಷ್ಟೇ ಹೆಚ್ಚು ಎಳೆತ ಬೇಕು, ಆ ಎಳೆತವನ್ನು ತಾಳುವ ರಿಮ್ಮೂ ಬೇಕು. ಹಗುರ ರಿಮ್ಮಿನಲ್ಲಿ 12 ಗೇಜಿನ ಕಡ್ಡಿ ಸಾಕಷ್ಟು ಹಿಗ್ಗದೆ ಉಳಿದು, ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಪೂರ್ತಿ ಸಡಿಲವಾಗಿ, ನಿಪ್ಪಲ್ (ರಿಮ್ಮಿನಲ್ಲಿ ಕಡ್ಡಿಯ ತುದಿ ಹಿಡಿಯುವ ಪುಟ್ಟ ನಟ್ಟು) ತಾನಾಗಿಯೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಮಧ್ಯಮ ತೂಕದ ಸವಾರರಿಗೆ, ಸಾಮಾನ್ಯ ಎರಡು ಗೋಡೆಯ ರಿಮ್ಮಿಗೆ, ಸರಿಯಾಗಿ ಬಿಗಿದ 13 ಗೇಜಿನ ಕಡ್ಡಿ ಸಾಕು. ಹಬ್‌ನ ಫ್ಲ್ಯಾಂಜಿನಲ್ಲಿ ಕಡ್ಡಿ ತೂರುವ ರಂಧ್ರ 12 ಗೇಜಿಗೆಂದೇ 3 ಮಿ.ಮೀ. ಕೊರೆದದ್ದಾಗಿದ್ದರೆ 13 ಗೇಜು ಅದರಲ್ಲಿ ಗಲಗಲ ಅನ್ನುತ್ತದೆ. ಆಗ 12 ಗೇಜಿನ ಜೊತೆ ಅದರ ನಿಪ್ಪಲ್ ತೂರುವ ಭಾರಿ ರಿಮ್ಮನ್ನೇ ಆರಿಸಬೇಕು.

ಉದ್ದವನ್ನು ಅಂದಾಜಿನಲ್ಲಿ ತರಬಾರದು. ಮೂರು ಅಳತೆ ಬೇಕು: ರಿಮ್ಮಿನಲ್ಲಿ ನಿಪ್ಪಲ್ ಕೂರುವ ಜಾಗದ ವ್ಯಾಸದ ಅರ್ಧ, ಫ್ಲ್ಯಾಂಜಿನ ರಂಧ್ರಗಳ ವೃತ್ತದ ಅರ್ಧವ್ಯಾಸ, ಮತ್ತು ಹಬ್‌ನ ನಡುಗೆರೆಯಿಂದ ಆ ಫ್ಲ್ಯಾಂಜಿಗೆ ಇರುವ ದೂರ. ಮೂರರ ವರ್ಗಗಳನ್ನೂ ಕೂಡಿಸಬೇಕು. 36 ಕಡ್ಡಿಯನ್ನು ಮೂರು ಅಡ್ಡಗಟ್ಟಿನಲ್ಲಿ (ಪ್ರತಿ ಕಡ್ಡಿಯೂ ತನ್ನ ಬದಿಯ ಮೂರು ಕಡ್ಡಿಗಳನ್ನು ದಾಟುವಂತೆ) ಹೆಣೆದಾಗ, ಆ ಮೊತ್ತದಿಂದ ಮೊದಲೆರಡು ಅಳತೆಗಳ ಗುಣಲಬ್ಧವನ್ನು ಕಳೆದು ವರ್ಗಮೂಲ ತೆಗೆಯಬೇಕು. ಕೊನೆಗೆ ಫ್ಲ್ಯಾಂಜ್ ರಂಧ್ರದ ವ್ಯಾಸದ ಅರ್ಧವನ್ನು ಕಳೆಯಬೇಕು. ಉದಾಹರಣೆಗೆ ಈ ಅಳತೆಗಳು 270, 35, 30 ಮಿ.ಮೀ. ಇದ್ದರೆ, 72,900 + 1,225 + 900 ಸೇರಿ 75,025, ಅದರಲ್ಲಿ 270×35 ಅಂದರೆ 9,450 ಕಳೆದರೆ 65,575, ವರ್ಗಮೂಲ 256 ಚಿಲ್ಲರೆ, 1.5 ಕಳೆದರೆ 254.6. ಅಂಗಡಿಯಲ್ಲಿ 254 ಕೇಳಿ. ಎಡ ಮತ್ತು ಬಲ ಫ್ಲ್ಯಾಂಜುಗಳ ಅಳತೆ ಬೇರೆಯಾಗಿದ್ದರೆ ಎರಡಕ್ಕೂ ಬೇರೆ ಬೇರೆ ಲೆಕ್ಕ ಮಾಡಬೇಕು. ಫ್ಲ್ಯಾಂಜ್ ತೀರ ದೊಡ್ಡದಾಗಿದ್ದರೆ ಎರಡೇ ಅಡ್ಡಗಟ್ಟು ಮಾಡುವುದು ವಾಸಿ, ಇಲ್ಲವಾದರೆ ಕಡ್ಡಿ ಪಕ್ಕದ ಕಡ್ಡಿಯ ತಲೆಯ ಮೇಲೆ ಹಾದುಹೋಗುತ್ತದೆ. ಆಗ ಲೆಕ್ಕವೂ ಬದಲಾಗುತ್ತದೆ.

ಬಿಚ್ಚುವುದು ಮತ್ತು ಬೇರಿಂಗ್ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಾಗಲಿ. ಪೆಟ್ರೋಲ್ ನಲ್ಲಿ ಮುಚ್ಚಿ, ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಚಕ್ರ ತಿರುಗಿಸುವಾಗ ಕ್ಲಚ್ ಕಚ್ಚಿಕೊಂಡು ಎಂಜಿನ್ ಹೊತ್ತಿಕೊಂಡರೆ ಬೆರಳು ಚೈನಿನಲ್ಲಿರುತ್ತದೆ. ಎರಡೂ ಚೈನು ಇಳಿಸಿ, ಚಕ್ರ ತೆಗೆದು, ಟೈರು ಟ್ಯೂಬು ಬಿಚ್ಚಬೇಕು. ಬಲಗಡೆಯ ಫ್ರೀವೀಲನ್ನು ಅದರ ಖಾಚುಗಳಿಗೆ ಹೊಂದುವ ರಿಮೂವರ್ ಹಾಕಿ, ಆಕ್ಸಲ್ ನಟ್ಟಿನಿಂದ ರಿಮೂವರನ್ನು ಸಡಿಲವಾಗಿ ಹಿಡಿಸಿ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ವರ್ಷಗಟ್ಟಲೆ ತುಳಿದ ಫ್ರೀವೀಲ್ ಕಚ್ಚಿಕೊಂಡಿರುತ್ತದೆ. ರಿಮೂವರನ್ನು ವೈಸಿಗೆ ಕಚ್ಚಿಸಿ ಇಡೀ ಚಕ್ರವನ್ನೇ ಸ್ಟಿಯರಿಂಗ್‌ನಂತೆ ತಿರುಗಿಸಿದರೆ ಬರುತ್ತದೆ. ಕಡ್ಡಿ ಕತ್ತರಿಸುವ ಮೊದಲು ಫ್ರೀವೀಲ್ ತೆಗೆಯಬೇಕೆಂಬುದನ್ನು ಮರೆಯಬಾರದು, ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ.

ಹೊಸ ಹಬ್ ಕೈಗೆ ಬಂದ ಕೂಡಲೇ ಹೆಣೆಯಲು ಕೂರಬೇಡಿ. ಬೇರಿಂಗಿನ ಮೇಲಿನ ಸಂಖ್ಯೆ ಓದಿ ಬರೆದಿಟ್ಟುಕೊಳ್ಳಿ: 6000 ಆದರೆ ಒಳವ್ಯಾಸ 10, ಹೊರವ್ಯಾಸ 26, ಅಗಲ 8 ಮಿ.ಮೀ.; 6001 ಆದರೆ 12, 28, 8; 6201 ಆದರೆ 12, 32, 10. ಸಂಖ್ಯೆಯ ಜೊತೆ ಎರಡೂ ಬದಿ ರಬ್ಬರ್ ಮುಚ್ಚಳದ ಗುರುತಾದ 2ಆರ್‌ಎಸ್ ಇದ್ದರೆ ನಮ್ಮ ಧೂಳಿಗೂ ಮಳೆಗೂ ಒಳ್ಳೆಯದು. ನಂತರ ಆಕ್ಸಲಿನ ಎರಡೂ ಕಡೆ ದಪ್ಪ ವಾಷರುಗಳನ್ನು ಹಾಕಿ, ಸೈಕಲ್ಲಿಗೆ ಬಿಗಿಯುವಷ್ಟೇ ಬಲದಿಂದ ನಟ್ಟು ಬಿಗಿದು, ಹಬ್ಬನ್ನು ಬೆರಳಿನಿಂದ ತಿರುಗಿಸಿ ನೋಡಿ. ಬಿಗಿಯುವ ಮೊದಲು ಹಗುರವಾಗಿ ತಿರುಗುತ್ತಿದ್ದು ಬಿಗಿದ ಮೇಲೆ ತಡೆಯುತ್ತಿದ್ದರೆ, ಎರಡು ಬೇರಿಂಗುಗಳ ಒಳಬಳೆಗಳ ನಡುವೆ ಇರಬೇಕಾದ ಸ್ಪೇಸರ್ ಕೊಳವೆ ಇಲ್ಲ ಅಥವಾ ಒಂದು ಎಳೆಯಷ್ಟು ಗಿಡ್ಡವಾಗಿದೆ ಎಂದೇ ಅರ್ಥ. ಅಗ್ಗದ ಹಬ್‌ಗಳಲ್ಲಿ ಈ ದೋಷ ಅಪರೂಪವಲ್ಲ, ಮತ್ತು ಹೊಸ ಬೇರಿಂಗು ಬೇಗ ಗರಗರ ಅನ್ನಲು ಇದೇ ಕಾರಣ. ಲೇತ್ ಕೆಲಸದವರಲ್ಲಿ ಸರಿಯಾದ ಉದ್ದದ ಕೊಳವೆ ಮಾಡಿಸಿ ಹಾಕಿದರೆ ದೋಷ ಹೋಗುತ್ತದೆ. ಬೇರಿಂಗು ಕೂರಿಸುವಾಗ ಹೊರಬಳೆಯ ಮೇಲಷ್ಟೇ ಒತ್ತಡ ಬೀಳಬೇಕು. ಒಳಬಳೆಗೆ ಸುತ್ತಿಗೆ ತಾಗಿಸಿದರೆ ಗೋಲಿಗಳು ದಾರಿಯಲ್ಲಿ ಗುಳಿ ಬೀಳಿಸುತ್ತವೆ.

ಚಕ್ರ ಹೆಣೆಯುವುದು

ಹಳೆಯ ಸೈಕಲ್ ಅಂಗಡಿಗಳಲ್ಲಿ ಚಕ್ರ ಕಟ್ಟುವವರು ಇನ್ನೂ ಇದ್ದಾರೆ. ಕೈ ಪಳಗದವರು ಹಬ್, ರಿಮ್ಮು, ಕಡ್ಡಿ ಮೂರನ್ನೂ ಅವರ ಮುಂದಿಟ್ಟು ಕಟ್ಟಿಸುವುದರಲ್ಲಿ ಕಡಿಮೆಯೇನಿಲ್ಲ. ಸ್ವತಃ ಕಟ್ಟುವವರಿಗೆ ಕ್ರಮ ಹೀಗಿದೆ. ಕಡ್ಡಿಯ ಮರೆಗಳಿಗೆ (ತುದಿಯ ತಿರುಪಿನ ಸುತ್ತುಗಳಿಗೆ) ಒಂದಿಷ್ಟು ಅಗಸೆ ಎಣ್ಣೆ ಅಥವಾ ಗ್ರೀಸು ಸವರಿ. ಪ್ರತಿ ಫ್ಲ್ಯಾಂಜಿನಲ್ಲಿ 18 ರಂಧ್ರ. ಒಂದು ಬದಿಯ ಫ್ಲ್ಯಾಂಜಿನಲ್ಲಿ ಒಂದು ಬಿಟ್ಟು ಒಂದು ರಂಧ್ರಕ್ಕೆ, ತಲೆ ಹೊರಗೆ ಉಳಿಯುವಂತೆ, 9 ಕಡ್ಡಿ ತೂರಿಸಿ, ರಿಮ್ಮಿನಲ್ಲಿ ವಾಲ್ವ್ ರಂಧ್ರದ ಪಕ್ಕದಿಂದ ಆರಂಭಿಸಿ ಪ್ರತಿ ನಾಲ್ಕನೆಯ ರಂಧ್ರಕ್ಕೆ ಒಂದರಂತೆ ಹಿಡಿಸಿ. ರಿಮ್ಮಿನ ರಂಧ್ರಗಳು ಒಂದು ಎಡಕ್ಕೆ ಒಂದು ಬಲಕ್ಕೆ ಸ್ವಲ್ಪ ಓರೆಯಾಗಿರುತ್ತವೆ. ಎಡ ಫ್ಲ್ಯಾಂಜಿನ ಕಡ್ಡಿ ಎಡಕ್ಕೆ ವಾಲಿದ ರಂಧ್ರಕ್ಕೇ ಹೋಗಬೇಕು. ಇನ್ನೊಂದು ಫ್ಲ್ಯಾಂಜಿನ 9 ಕಡ್ಡಿಗಳನ್ನೂ ಇದೇ ರೀತಿ, ಮೊದಲಿನವುಗಳ ಪಕ್ಕದ ರಂಧ್ರಗಳಿಗೆ ಹಾಕಿ. ಈಗ ಹಬ್ಬನ್ನು ಕೈಯಿಂದ ತಿರುಚಿದರೆ ಈ 18 ಕಡ್ಡಿಗಳೂ ಒಂದೇ ದಿಕ್ಕಿಗೆ ವಾಲಿ ನಿಲ್ಲುತ್ತವೆ. ವಾಲ್ವ್ ರಂಧ್ರದ ಪಕ್ಕದ ಕಡ್ಡಿ ಅದರಿಂದ ದೂರಕ್ಕೆ ವಾಲುವಂತೆ ತಿರುಚಬೇಕು, ಇಲ್ಲವಾದರೆ ಪಂಪಿನ ಬಾಯಿಗೆ ಜಾಗವಿರುವುದಿಲ್ಲ.

ಉಳಿದ 18 ಕಡ್ಡಿಗಳನ್ನು ತಲೆ ಒಳಗೆ ಉಳಿಯುವಂತೆ ತೂರಿಸಿ ಎದುರು ದಿಕ್ಕಿಗೆ ವಾಲಿಸಬೇಕು. ಪ್ರತಿಯೊಂದೂ ತನ್ನ ಬದಿಯ ಮೂರು ಕಡ್ಡಿಗಳನ್ನು ಅಡ್ಡ ಹಾಯಬೇಕು: ಮೊದಲೆರಡರ ಹೊರಗಿನಿಂದ, ಮೂರನೆಯದರ ಒಳಗಿನಿಂದ. ಆ ಮೂರನೆಯ ಅಡ್ಡಗಟ್ಟಿನಲ್ಲಿ ಎರಡು ಕಡ್ಡಿಗಳು ಒಂದನ್ನೊಂದು ತಾಗಿ ಆನಿಸಿಕೊಂಡಿರುತ್ತವೆ. ಎಂಜಿನ್ ಸೈಕಲ್ಲಿನಲ್ಲಿ ಎರಡು ಬದಿಯೂ ಬಲ ಒಯ್ಯುತ್ತದೆ, ಎಡಗಡೆ ಎಂಜಿನ್ನಿನದು, ಬಲಗಡೆ ಪೆಡಲಿನದು. ಆದ್ದರಿಂದ ಯಾವ ಬದಿಯಲ್ಲೂ ಅಡ್ಡಗಟ್ಟಿಲ್ಲದ ನೇರ ಕಡ್ಡಿ ಸಲ್ಲದು.

ಬಿಗಿಯುವಾಗ ವಾಲ್ವಿನಿಂದ ಆರಂಭಿಸಿ ಎಲ್ಲ ನಿಪ್ಪಲ್‌ಗಳಿಗೂ ಸಮನಾಗಿ ಅರ್ಧ ಸುತ್ತು, ನಂತರ ಕಾಲು ಸುತ್ತು ಕೊಡುತ್ತ ಹೋಗಬೇಕು. ಚಕ್ರದ ಬೆಂಡು ನೋಡುವ ಟ್ರೂಯಿಂಗ್ ಸ್ಟ್ಯಾಂಡ್ ಇಲ್ಲದವರು ಸೈಕಲ್ಲನ್ನು ತಲೆಕೆಳಗಾಗಿಸಿ ಫೋರ್ಕಿಗೆ ಎರಡು ತಂತಿ ಕಟ್ಟಿ ಅದರ ತುದಿಯನ್ನೇ ಗುರುತಾಗಿ ಇಟ್ಟುಕೊಳ್ಳಬಹುದು. ಮೇಲೆ ಕೆಳಗಿನ ಏರಿಳಿತವನ್ನು ಮೊದಲು, ಪಕ್ಕದ ಬೆಂಡನ್ನು ನಂತರ ತೆಗೆಯಬೇಕು. ಎರಡೂ 1 ಮಿ.ಮೀ. ಒಳಗೆ ಬಂದರೆ ಸಾಕು. ಚಕ್ರವನ್ನು ಎಡಬಲ ಬದಲಿಸಿ ಫೋರ್ಕಿನಲ್ಲಿ ಕೂರಿಸಿದಾಗ ರಿಮ್ಮು ಎರಡು ಸಲವೂ ಅದೇ ಜಾಗದಲ್ಲಿ ನಿಂತರೆ ನಡುಗೆರೆ ಸರಿಯಿದೆ. ಒಂದೇ ಬದಿಯ ಕಡ್ಡಿಗಳನ್ನು ಉಗುರಿನಿಂದ ಮೀಟಿದಾಗ ಹತ್ತಿರ ಹತ್ತಿರ ಒಂದೇ ಸ್ವರ ಬರಬೇಕು. ಮಂಕಾದ ಸದ್ದು ಕೊಡುವ ಕಡ್ಡಿಯೇ ಮುಂದೆ ತುಂಡಾಗುವುದು.

ಇದಾದ ಮೇಲೆ ಬಹಳ ಜನ ಬಿಟ್ಟುಬಿಡುವ ಕೆಲಸವೊಂದಿದೆ. ಕೈಗೆ ಗ್ಲವ್ಸ್ ಹಾಕಿ, ಒಂದೇ ಬದಿಯ ಸಮಾನಾಂತರ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಸುಕಬೇಕು. ಟಣ್ ಟಣ್ ಎಂಬ ಸದ್ದಿನೊಂದಿಗೆ ಕುತ್ತಿಗೆಗಳು ಫ್ಲ್ಯಾಂಜಿನಲ್ಲಿ ಸರಿಯಾಗಿ ಕೂರುತ್ತವೆ, ನಿಪ್ಪಲ್‌ನಲ್ಲಿ ತಿರುಚಿಕೊಂಡಿದ್ದ ಕಡ್ಡಿಗಳು ಬಿಡಿಸಿಕೊಳ್ಳುತ್ತವೆ. ಚಕ್ರ ಮತ್ತೆ ಸ್ವಲ್ಪ ಬೆಂಡಾಗುತ್ತದೆ; ಮತ್ತೆ ಸರಿಮಾಡಿ ಮತ್ತೆ ಹಿಸುಕಿ. ಹಿಸುಕಿದರೂ ಚಕ್ರ ಅಲುಗದೆ ನಿಲ್ಲುವವರೆಗೆ ಇದು ನಡೆಯಬೇಕು.

ಸ್ಪ್ರಾಕೆಟ್ಟು, ಚಕ್ರ, ಚೈನು

ಸ್ಪ್ರಾಕೆಟ್ಟಿನ ನಡುರಂಧ್ರ ಹಬ್‌ನ ಉಬ್ಬಿದ ಕುತ್ತಿಗೆಯ ಮೇಲೆ ಆಟವಿಲ್ಲದೆ ಕೂರಬೇಕು. ನಡು ಹಿಡಿಯುವ ಕೆಲಸ ಆ ಕುತ್ತಿಗೆಯದು; ಬೋಲ್ಟುಗಳು ಅದುಮಿ ಹಿಡಿಯುವುದಕ್ಕೆ ಮಾತ್ರ. ಬೋಲ್ಟುಗಳಿಗೆ ನೀಲಿ ಥ್ರೆಡ್‌ಲಾಕರ್ ಹಾಕಿ, ಎದುರುಬದುರಾಗಿ ಬಿಗಿಯಬೇಕು. ಡಿಸ್ಕಿನ 5 ಮಿ.ಮೀ. ಬೋಲ್ಟಾದರೆ 4ರಿಂದ 6 ನ್ಯೂಟನ್ ಮೀಟರ್ ಸಾಕು, ಅದಕ್ಕಿಂತ ಹೆಚ್ಚಾದರೆ ಅಲ್ಯುಮಿನಿಯಂ ಮರೆ ಕಿತ್ತುಬರುತ್ತದೆ. ಫ್ರೀವೀಲಿನ ಮರೆಗೆ ಗ್ರೀಸು ಸವರಿ ಕೈಯಲ್ಲೇ ತಿರುಗಿಸಿ ಕೂರಿಸಿ, ಉಳಿದ ಬಿಗಿತವನ್ನು ಪೆಡಲ್ ತುಳಿತ ನೋಡಿಕೊಳ್ಳುತ್ತದೆ.

ಟೈರಿಗೆ ಗಾಳಿ ತುಂಬಿದ ಮೇಲೆಯೇ ಚಕ್ರವನ್ನು ಫ್ರೇಮಿಗೆ ಕೂರಿಸಿ, ಎಡಗಡೆಯ ಚೈನಿನ ದಾರಿ ನೋಡಬೇಕು. ಎಂಜಿನ್ನಿನ ಸ್ಪ್ರಾಕೆಟ್ಟಿನಿಂದ ಹಿಂದಿನದಕ್ಕೆ ನೇರ ಪಟ್ಟಿಯೊಂದನ್ನು ಇಟ್ಟಾಗ ಎರಡೂ ಒಂದೇ ಗೆರೆಯಲ್ಲಿರಬೇಕು. ಕಿಟ್‌ನ ಸ್ಪ್ರಾಕೆಟ್ಟು ತಟ್ಟೆಯಂತೆ ಒಂದು ಬದಿಗೆ ಬಾಗಿರುವುದರಿಂದ ಅದನ್ನು ತಿರುವಿ ಹಾಕಿದರೆ ಕೆಲವು ಮಿ.ಮೀ. ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಉಳಿದದ್ದಕ್ಕೆ ತೆಳು ಸ್ಪೇಸರ್. 2.125 ಇಂಚಿನ ಟೈರಾದರೆ ಚೈನು ಟೈರಿಗೆ ಉಜ್ಜುವ ಸಂಭವ ಹೆಚ್ಚು, ಅಂಥಲ್ಲಿ ಅಗಲ ಕಡಿಮೆಯಿರುವ ಟೈರು ಹಾಕುವುದೇ ಸುಲಭ.

ಕಿಟ್‌ಗಳ ಚೈನು 415: ಅರ್ಧ ಇಂಚಿನ ಪಿಚ್ (ಪಿನ್ನಿನಿಂದ ಪಿನ್ನಿಗೆ ಇರುವ ದೂರ), 3/16 ಇಂಚು ಒಳ ಅಗಲ. ಹೊಸ ಹಬ್‌ಗೆಂದು ಬೇರೆ ಸ್ಪ್ರಾಕೆಟ್ಟು ತಂದಿದ್ದರೆ ಅದರ ಹಲ್ಲಿನ ದಪ್ಪ ಇದೇ ಚೈನಿಗೆ ಹೊಂದುವುದೇ ಎಂದು ನೋಡಿಕೊಳ್ಳಬೇಕು. ಎರಡು ಚೈನು, ಒಂದೇ ಆಕ್ಸಲ್ ಎಂಬುದು ಇಲ್ಲಿನ ನಿಜವಾದ ತಲೆನೋವು. ಚಕ್ರ ಹಿಂದಕ್ಕೆ ಎಳೆದು ಎಂಜಿನ್ ಚೈನು ಬಿಗಿ ಮಾಡಿದರೆ ಪೆಡಲ್ ಚೈನು ಬಿಗಿದುಹೋಗಬಹುದು, ಅಥವಾ ಅದರ ತಿರುಗುಮುರುಗು. ಎಂಜಿನ್ ಚೈನನ್ನು ಆಕ್ಸಲ್ ಸರಿಸಿ ಹೊಂದಿಸಿಕೊಂಡು, ಪೆಡಲ್ ಚೈನಿಗೆ ಅರ್ಧ ಕೊಂಡಿ ಸೇರಿಸಿ ಸರಿಪಡಿಸುವುದು ನನ್ನ ಆಯ್ಕೆ. ಹೀಗೆ ಮಾಡಿದರೆ ಫ್ರೇಮಿನ ಕೊಳವೆಗೆ ಕಚ್ಚಿಸುವ ಟೆನ್ಷನರ್ ರಾಟೆಯನ್ನು ಕಿತ್ತುಹಾಕಬಹುದು; ಅದು ನಡುಕಕ್ಕೆ ಸಡಿಲವಾಗಿ ಓಡುವ ಚಕ್ರದ ಕಡ್ಡಿಗಳೊಳಗೆ ತಿರುಗಿ ನುಗ್ಗಿದರೆ ಚಕ್ರ ಅಲ್ಲೇ ನಿಂತು ಸವಾರರು ಮುಂದಕ್ಕೆ ಬೀಳುತ್ತಾರೆ. ರಾಟೆ ಇರಲೇಬೇಕಾದ ಫ್ರೇಮಿನಲ್ಲಿ ಅದರ ಹಿಡಿಕೆಯನ್ನು ಕೊಳವೆಯ ಮೇಲೆ ಜಾರದಂತೆ ಭದ್ರಪಡಿಸಬೇಕು.

ಚೈನನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸುತ್ತ, ಅದು ಅತಿ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿ 12ರಿಂದ 15 ಮಿ.ಮೀ. ಆಟ ಬಿಡಬೇಕು. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಲಿ. ಆಕ್ಸಲ್ ನಟ್ಟುಗಳನ್ನು 30ರಿಂದ 40 ನ್ಯೂಟನ್ ಮೀಟರಿಗೆ, ಹಲ್ಲಿರುವ ವಾಷರ್ ಸೇರಿಸಿ ಬಿಗಿಯಿರಿ.

ಮೊದಲ ಓಟ

ಮೊದಲು ಎಂಜಿನ್ ಇಲ್ಲದೆ ಬರೀ ಪೆಡಲ್ ತುಳಿದು ಸ್ವಲ್ಪ ದೂರ ಹೋಗಿ, ಬ್ರೇಕು ಎರಡನ್ನೂ ಬಲವಾಗಿ ಹಿಡಿದು ನೋಡಬೇಕು. ಆಕ್ಸಲ್ ಸೀಳಿನಲ್ಲಿ ಸರಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ನಟ್ಟಿನ ಅಂಚಿನಿಂದ ಫ್ರೇಮಿಗೆ ಬಣ್ಣದ ಗೆರೆ ಎಳೆದಿಡಿ. ನಂತರ ಎಂಜಿನ್ನಿನಲ್ಲಿ, ಅರ್ಧ ಥ್ರಾಟಲ್ ಮೀರದೆ ಓಡಿಸಿ ಬಂದು, ಹಬ್‌ನ ಎರಡೂ ತುದಿ ಮುಟ್ಟಿ ನೋಡಿ; ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗಿನ ಮೇಲೆ ಪಕ್ಕದ ಒತ್ತಡ ಬೀಳುತ್ತಿದೆ, ಮತ್ತೆ ಸ್ಪೇಸರ್ ನೋಡಬೇಕು. ಚೈನಿಗೆ ಎಣ್ಣೆ ಹಾಕುವುದಾಗಲಿ ಒರೆಸುವುದಾಗಲಿ ಎಂಜಿನ್ ಓಡುತ್ತಿರುವಾಗ ಎಂದೂ ಕೂಡದು.

ಸುಮಾರು 50 ಕಿ.ಮೀ. ಆದ ಮೇಲೆ ಕಡ್ಡಿಗಳನ್ನು ಮತ್ತೆ ಮೀಟಿ ನೋಡಿ, ಮಂಕಾದವನ್ನು ಕಾಲು ಸುತ್ತು ಬಿಗಿದು, ಸ್ಪ್ರಾಕೆಟ್ಟಿನ ಬೋಲ್ಟು ಮತ್ತು ಆಕ್ಸಲ್ ನಟ್ಟುಗಳಿಗೆ ಸ್ಪ್ಯಾನರ್ ಹಾಕಬೇಕು. 200 ಕಿ.ಮೀ. ಹೊತ್ತಿಗೆ ಇನ್ನೊಮ್ಮೆ. ಆಮೇಲೆ ತಿಂಗಳಿಗೊಂದು ಸಲ ಸಾಕು. ಕಟ್ಟುವಾಗ ಉಳಿದ ಎರಡು ಮೂರು ಕಡ್ಡಿ, ಅಷ್ಟೇ ನಿಪ್ಪಲ್ ಮತ್ತು ನಿಪ್ಪಲ್ ಕೀಯನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡಿರಿ; ಈ ಉದ್ದದ, ಈ ಗೇಜಿನ ಕಡ್ಡಿ ದಾರಿಯ ಅಂಗಡಿಯಲ್ಲಿ ಸಿಗುವುದು ಅನುಮಾನ.